ಅತ್ತೆಯ ಪಾಟಿ

ನಮ್ಮ ಅತ್ತೆಯ ಮೈಯಲ್ಲಿ ಈಗ ಸರಿಯಾಗಿ ಕೆಲಸ ಮಾಡುತ್ತಿರುವ ಅಂಗಗಳು ಎರಡೇ. ಒಂದು ಕಣ್ಣು, ಇನ್ನೊಂದು ನಾಲಿಗೆ. ಮೂತ್ರಪಿಂಡಗಳೆರಡೂ ಕೈ ಎತ್ತಿವೆ, ಹೃದಯ ರಜೆ ಕೇಳುತ್ತಿದೆ, ಮೊಣಕಾಲುಗಳು ಎಂದೋ ರಾಜೀನಾಮೆ ಕೊಟ್ಟು ಕೂತಿವೆ. ಆದರೆ ಕಣ್ಣೆದುರು ಅಚ್ಚಾದ ಅಕ್ಷರ ಸುಳಿದರೆ ಸಾಕು, ಆಕೆ ಇಪ್ಪತ್ತರ ಹುಡುಗಿ. ಇನ್ನು ಮೇಲೆ ಡಯಾಲಿಸಿಸ್ ಇಲ್ಲದೆ ಬದುಕಿಲ್ಲ ಎಂದು ಡಾಕ್ಟರು ಮೆಲ್ಲಗೆ, ಮುಖ ಸಣ್ಣದು ಮಾಡಿಕೊಂಡು ಹೇಳುತ್ತಿದ್ದಾಗ ಅತ್ತೆ ಅವರ ತಲೆಯ ಮೇಲಿನ ಬೋರ್ಡು ಓದುತ್ತಿದ್ದಳು. ಅವರು ಮಾತು ಮುಗಿಸಿ, ಏನಾದರೂ ಕೇಳುವುದಿದೆಯೇ ಅಂದರು.

"ನಿಮ್ಮ ಬೋರ್ಡಿನಾಗ ಮೂತ್ರಪಿಂಡದ ಸೊನ್ನಿ ಬಿದ್ದದ್ರಿ," ಅಂದಳು ಅತ್ತೆ.

ಡಾಕ್ಟರು ಹಿಂದಿರುಗಿ ನೋಡಿದರು. ಬಿದ್ದಿತ್ತು. ಅಲ್ಲಿ 'ಮೂತ್ರಪಿಡ' ಎಂದಿತ್ತು. ಸತ್ತು ಹೋದೀಯ ಎಂದು ಹೇಳಿಸಿಕೊಳ್ಳುತ್ತಲೇ ಕಾಗುಣಿತ ತಿದ್ದುವ ಹೆಂಗಸಿಗೆ ಯಾವ ಡಾಕ್ಟರು ತಾನೇ ಏನು ಹೇಳಿಯಾನು?

ಅತ್ತೆ ನನ್ನ ತಂದೆಯ ಅಕ್ಕ. ಗಂಡ ಬೇಗ ತೀರಿಕೊಂಡ ಮೇಲೆ ಸುರಪುರದಲ್ಲಿ ಅವನ ಕಿರಾಣಿ ಅಂಗಡಿಯನ್ನು ತಾನೇ ನಡೆಸಿದಳು. ನಡೆಸಿದಳು ಎನ್ನುವುದಕ್ಕಿಂತ ಓದಿದಳು ಅನ್ನುವುದು ಸರಿ. ಪೊಟ್ಟಣ ಕಟ್ಟಲು ತರಿಸುತ್ತಿದ್ದ ರದ್ದಿ ಕಾಗದವೇ ಆಕೆಯ ಗ್ರಂಥಾಲಯ. ಗಿರಾಕಿ ಸಕ್ಕರೆ ಕೇಳಿದರೆ ಕಾಗದ ಎತ್ತಿಕೊಳ್ಳುವಳು; ಮೊದಲು ಈ ಮಗ್ಗುಲು ಓದಿ, ಆಮೇಲೆ ಆ ಮಗ್ಗುಲು ಓದಿ, ತಕ್ಕಡಿಗೆ ಕೈ ಹಾಕುವಷ್ಟರಲ್ಲಿ ಗಿರಾಕಿಯ ಮನೆಯಲ್ಲಿ ಒಲೆಯ ಮೇಲಿಟ್ಟ ಚಹಾದ ನೀರು ಇಂಗಿ ಹೋಗಿರುತ್ತಿತ್ತು. ಧಾರಾವಾಹಿಯ ಕಂತೊಂದು ತಪ್ಪಿ ಯಾರದೋ ಬೇಳೆಯ ಜೊತೆ ಹೋಗಿಬಿಟ್ಟರೆ, ಸಂಜೆ ಅಂಗಡಿಯ ಕದ ಎಳೆದು ಅವರ ಮನೆಗೇ ಹೋಗುವಳು. ಬೇಳೆಯನ್ನು ಡಬ್ಬಿಗೆ ಸುರಿದುಕೊಂಡು ಕಾಗದ ವಾಪಸ್ಸು ಕೊಡಿ ಎಂದು ಬಾಗಿಲಲ್ಲಿ ನಿಲ್ಲುವಳು. ಒಲೆ ಹೊತ್ತಿಸಲು ಅದನ್ನು ಉರಿಸಿದ್ದ ಒಬ್ಬ ಹೆಣ್ಣುಮಗಳಿಗೂ ಅತ್ತೆಗೂ ವರ್ಷಗಟ್ಟಲೆ ಮಾತಿರಲಿಲ್ಲ. ಅತ್ತೆಯ ಪ್ರಕಾರ ಅದು ಕೊಲೆಗೆ ಸಮ. ಕಥೆಯ ನಾಯಕ ಬಾವಿಯ ಕಟ್ಟೆ ಏರಿ ನಿಂತಿದ್ದನಂತೆ. ಹಾರಿದನೋ ಇಳಿದನೋ ಇಂದಿಗೂ ಯಾರಿಗೂ ತಿಳಿಯದು.

ಕಾಯಿಲೆ ಬಂದ ಮೇಲೆ ಅಂಗಡಿ ಮುಚ್ಚಿತು. ಅಂಗಡಿಯ ಹಿಂದಿನ ಮನೆಯಲ್ಲಿ ಮೈದುನನ ಸಂಸಾರವಿದೆ, ಊಟ ತಿಂಡಿಗೆ ತೊಂದರೆಯಿಲ್ಲ. ಆದರೆ ವಾರಕ್ಕೆ ಎರಡು ಸಲ ಯಾದಗಿರಿಗೆ ಹೋಗಿ ಯಂತ್ರದ ಪಕ್ಕ ನಾಲ್ಕು ತಾಸು ಮಲಗಬೇಕು. ಆಕೆ ಸುರಪುರದಲ್ಲಿ ಬಸ್ಸು ಹತ್ತುವಳು, ನಾನು ಶಹಾಪುರದಲ್ಲಿ ಅದೇ ಬಸ್ಸು ಹತ್ತುವೆ. ನಾನು ಅಲ್ಲಿಯ ಕಾಲೇಜೊಂದರಲ್ಲಿ ಗುಮಾಸ್ತ. ಆ ಎರಡು ದಿನ ನನ್ನ ಕೆಲಸ ಅತ್ತೆಯನ್ನು ಕಾಯುವುದು ಎಂದು ಪ್ರಿನ್ಸಿಪಾಲರೂ ಒಪ್ಪಿಕೊಂಡುಬಿಟ್ಟಿದ್ದಾರೆ.

ಡಯಾಲಿಸಿಸ್ ಕೋಣೆಯನ್ನು ನೀವು ನೋಡಿರಲಿಕ್ಕಿಲ್ಲ, ನೋಡುವುದೂ ಬೇಡ. ಸಾಲು ಹಾಸಿಗೆ, ಪ್ರತಿ ಹಾಸಿಗೆಗೊಂದು ಯಂತ್ರ. ಮೈಯ ರಕ್ತವೆಲ್ಲ ಕೊಳವೆಯಲ್ಲಿ ಹೊರಗೆ ಬಂದು, ತೊಳೆಸಿಕೊಂಡು, ಮರಳಿ ಒಳಗೆ ಹೋಗುತ್ತದೆ. ಸೂಜಿ ಚುಚ್ಚಿದ ಎಡಗೈಯನ್ನು ಅಲುಗಾಡಿಸುವಂತಿಲ್ಲ. ಅತ್ತೆ ಮೊದಲ ದಿನವೇ ಇಟ್ಟಿಗೆಯಂಥ ಒಂದು ಕಾದಂಬರಿ ತಂದು ಎದೆಯ ಮೇಲೆ ನಿಲ್ಲಿಸಿಕೊಂಡು ಒಂದೇ ಕೈಯಿಂದ ಓದತೊಡಗಿದಳು. ಕೆಲವು ದಿನ ನಡೆಯಿತು. ಒಂದು ದಿನ ಪುಟ ತಿರುವುವಾಗ ಆ ಇಟ್ಟಿಗೆ ಜಾರಿ ನೇರ ಸೂಜಿಯ ಮೇಲೆ ಬಿತ್ತು. ಹಾಸಿಗೆ ಕೆಂಪಾಯಿತು, ಯಂತ್ರ ಕೂಗಿಕೊಂಡಿತು, ಸಿಸ್ಟರು ಓಡಿ ಬಂದರು. ಅತ್ತೆ ಮಾತ್ರ, ಪುಟದ ಗುರುತು ತಪ್ಪಿತಲ್ಲ ಎಂದು ಗೊಣಗಿದಳು. ಅಂದಿನಿಂದ ಆ ಕೋಣೆಗೆ ಪುಸ್ತಕ ನಿಷಿದ್ಧವಾಯಿತು.

ಓದದೆ ನಾಲ್ಕು ತಾಸು ಮಲಗಿದ ಅತ್ತೆಯನ್ನು ನೋಡುವುದು ನನಗೇ ಆಗಲಿಲ್ಲ. ಮಾಡು ನೋಡುವಳು, ಕೊಳವೆ ನೋಡುವಳು, ಉಪ್ಪುನೀರಿನ ಬಾಟಲಿಯ ಮೇಲಿನ ಚೀಟಿಯನ್ನು ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ ಓದುವಳು. ಮೂರನೆಯ ಸಲಕ್ಕೆ, ಹಿಂಗ ಮಲಗಿ ಬದುಕೂದಕಿಂತ ಹೋಗೂದು ಚಲೋ ಅಂದಳು. ಆಗ ನಾನು ಇ-ಬುಕ್ ರೀಡರ್ ಒಂದನ್ನು ತರಿಸಿದೆ.

ಅದನ್ನು ಕೈಗಿತ್ತಾಗ ಅತ್ತೆ ಹಿಂದೆ ಮುಂದೆ ತಿರುಗಿಸಿ, ಮೂಸಿ, ಬೆರಳಿನಿಂದ ಕುಟ್ಟಿ ನೋಡಿದಳು. "ಇದು ಪಾಟಿ ಅಲ್ಲೇನು?" ಅಂದಳು. ನಮ್ಮ ಕಡೆ ಮಕ್ಕಳು ಅಕ್ಷರ ತಿದ್ದುವ ಸ್ಲೇಟಿಗೆ ಪಾಟಿ ಎನ್ನುತ್ತೇವೆ. ಇದರೊಳಗೆ ನಿನ್ನ ಇಡೀ ಅಂಗಡಿಯ ರದ್ದಿ ಹಿಡಿಯುತ್ತದೆ ಎಂದು ನಾನು ವಿವರಿಸಿದರೆ ಆಕೆ ನಂಬಲಿಲ್ಲ. ಅಷ್ಟೆಲ್ಲ ತುಂಬಿದರೂ ತೂಕ ಹೆಚ್ಚದ ವಸ್ತುವನ್ನು ತಕ್ಕಡಿ ಹಿಡಿದ ಕೈ ಹೇಗೆ ನಂಬೀತು?

ಆದರೆ ಒಂದೇ ವಾರ. ಆಮೇಲೆ ಅತ್ತೆಯ ಜಂಭ ಹಿಡಿಯುವವರು ಯಾರು! ಒಂದೇ ಕೈಯಲ್ಲಿ ಹಿಡಿದು ಅದೇ ಕೈಯ ಹೆಬ್ಬೆರಳಿನಿಂದ ಪುಟ ತಿರುವುವಳು. ಅಕ್ಷರ ದೊಡ್ಡದು ಮಾಡುವಳು, ಸಣ್ಣದು ಮಾಡುವಳು. ಒಂದೇ ತೊಂದರೆ, ನಾನು ಅದಕ್ಕೆ ತುಂಬಿದ ಹಳೆಯ ಕನ್ನಡ ಪುಸ್ತಕಗಳಲ್ಲಿ ಕೆಲವೆಡೆ ಒತ್ತಕ್ಷರಗಳು ಉದುರಿ ಹೋಗಿದ್ದವು. ಕತ್ತೆ ಒದೆಯಿತು ಎನ್ನುವಲ್ಲಿ ಕತೆ ಒದೆಯಿತು ಎಂದಿರುತ್ತಿತ್ತು. ಮಗ ಹಳ್ಳಿ ಬಿಟ್ಟು ಹೋದ ಎನ್ನುವಲ್ಲಿ ಮಗ ಹಳಿ ಬಿಟ್ಟು ಹೋದ. ಅತ್ತೆಗೆ ಅದೂ ಒಪ್ಪಿಗೆಯೇ. ಹಳ್ಳಿ ಬಿಟ್ಟವರು ಹಳಿ ಬಿಡದೆ ಇರುತ್ತಾರೇನು ಎಂದು ನನ್ನನ್ನೇ ಕೇಳಿದಳು.

ಅತ್ತೆಯ ಬಲಗಡೆಯ ಹಾಸಿಗೆ ಶಹಾಪುರದ ನಿವೃತ್ತ ಹೆಡ್‌ಮಾಸ್ತರರದು. ಅವರ ಬಳಿ ಮಗಳು ಕೊಡಿಸಿದ ಟ್ಯಾಬ್ ಇತ್ತು, ಊಟದ ತಟ್ಟೆಯಷ್ಟು ದೊಡ್ಡದು. ಎಡಗಡೆ ಗೋಗಿಯ ರೇಣುಕಾ. ಮೂವತ್ತು ದಾಟಿದ್ದಳೋ ಇಲ್ಲವೋ. ಕುಬಸ ಹೊಲಿದು ತಾಯಿಯನ್ನು ಸಾಕುತ್ತಿದ್ದ ಹೆಣ್ಣು. ಅವಳ ಬಳಿ ಗುಂಡಿ ಒತ್ತುವ ಹಳೆಯ ಫೋನು, ಬೆನ್ನಿನ ಮುಚ್ಚಳ ಬೀಳದಂತೆ ರಬ್ಬರ್ ಹಾಕಿದ್ದಳು. ಮೂವರಿಗೂ ದಿನಗಳು ಒಂದೇ, ಹೊತ್ತು ಒಂದೇ. ಹೊರಗೆ ಬದುಕಿರುವವರು ಗಾಡಿ, ಮನೆ, ಅಳಿಯಂದಿರನ್ನು ಹೋಲಿಸಿಕೊಳ್ಳುತ್ತಾರಲ್ಲ, ಇವರು ಮಲಗಿದಲ್ಲಿಂದ ತಮ್ಮ ತಮ್ಮ ಯಂತ್ರಗಳನ್ನು ಹೋಲಿಸಿಕೊಳ್ಳುತ್ತಿದ್ದರು. ಪಂಚಾಯ್ತಿ ಸೇರಿದಂತೆ ಇರುತ್ತಿತ್ತು.

ಮಾಸ್ತರರು ತಮ್ಮದರಲ್ಲಿ ಬಣ್ಣವಿದೆ, ಹಾಡು ಬರುತ್ತದೆ, ಮೊಮ್ಮಗಳ ಮುಖ ಕಾಣುತ್ತದೆ ಅನ್ನುವರು. ಅತ್ತೆ, ನಿಮ್ಮದು ತಾಸಿಗೆ ಕಾದ ಹಂಚಾಗುತ್ತದೆ, ರೊಟ್ಟಿ ಬೇಯಿಸಬಹುದು ಅನ್ನುವಳು. ಮಾಸ್ತರರ ಟ್ಯಾಬಿನ ಚಾರ್ಜು ಪ್ರತಿಸಲ ಮೂರನೆಯ ತಾಸಿಗೆ ಮುಗಿಯುತ್ತಿತ್ತು. ಪ್ಲಗ್ಗುಗಳೆಲ್ಲ ರಕ್ತ ತೊಳೆಯುವ ಯಂತ್ರಗಳಿಗೆ ಮೀಸಲು. ಒಂದು ಸಲ ಮಾಸ್ತರರು ಸಿಸ್ಟರಿಗೆ ಕಾಣದಂತೆ ಆ ಕಡೆ ಕೈ ಚಾಚಿ ಬೈಸಿಕೊಂಡಿದ್ದರು. ಅತ್ತೆಯ ಪಾಟಿಗೆ ತಿಂಗಳಿಗೊಮ್ಮೆ ಚಾರ್ಜು ಮಾಡಿದರೆ ಆಯಿತು. ಆ ಮಾತು ಬಂದಾಗಲೆಲ್ಲ ಆಕೆ ಗೆದ್ದವಳಂತೆ ಸುತ್ತ ನೋಡುತ್ತಿದ್ದಳು.

"ನಮಗ ವಾರಕ್ಕ ಎರಡು ಸಲ ಚಾರ್ಜ್ ಮಾಡ್ಬೇಕು, ಇದಕ್ಕ ತಿಂಗಳಿಗೊಮ್ಮೆ. ಮಾಸ್ತರ್ರ, ದೇವರು ನಮ್ಮ ಬ್ಯಾಟರಿ ಎಲ್ಲಿ ತಗೊಂಡಿದ್ದ ಅಂತೀರಿ?" ಅಂದಳು ಒಮ್ಮೆ. ಮಾಸ್ತರರು ನಗಲು ಹೋಗಿ ಕೆಮ್ಮಿದರು. ಯಂತ್ರ ಕಿರುಚಿತು. ಸಿಸ್ಟರು ಬಂದು ಮೂವರಿಗೂ ಬೈದು ಹೋದರು.

ರೇಣುಕಾ ಮೊದಲ ಸಲ ಪಾಟಿಯ ಪುಟ ತಿರುಗಿದ್ದು ನೋಡಿ ಹೌಹಾರಿದ್ದಳು. ಅದರ ಗುಣವೇ ಹಾಗೆ, ಪುಟ ಬದಲಾಗುವಾಗ ಒಂದು ಚಣ ಪೂರಾ ಕಪ್ಪಾಗಿ ಆಮೇಲೆ ಅಕ್ಷರಗಳು ಮೂಡುತ್ತವೆ. ಸತ್ತಿತೇನ್ರಿ ಅಮ್ಮಾರ ಎಂದು ಕೇಳಿದಳು. ಇದು ಹಾಳಿ ಹಾಳಿಗೂ ಸತ್ತು ಹುಟ್ಟುವ ಜಾತಿ, ನೀ ಹೆದರಬೇಡ ಎಂದಳು ಅತ್ತೆ. ನಿನ್ನ ಫೋನಿನ ಹೆಚ್ಚುಗಾರಿಕೆ ಏನು ಎಂದು ಮಾಸ್ತರರು ಅವಳನ್ನು ಕೇಳಿದರೆ, ನಂದು ಎಷ್ಟು ಸಲ ಬಿದ್ದರೂ ಎದ್ದು ಮಾತಾಡ್ತದ್ರಿ ಎನ್ನುವಳು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಜನರೇಟರ್ ಹತ್ತುವವರೆಗೆ ಕಿಟಕಿಯಿಲ್ಲದ ಕೋಣೆ ಗವಿಯಾಯಿತು. ಯಂತ್ರಗಳೆಲ್ಲ ಒಟ್ಟಿಗೆ ಕೂಗತೊಡಗಿದವು. ಕೊಳವೆಯಲ್ಲಿರುವ ರಕ್ತ ಹೆಪ್ಪುಗಟ್ಟಬಾರದೆಂದು ಸಿಸ್ಟರು ರೇಣುಕಾಳ ಯಂತ್ರದ ಚಕ್ರವನ್ನು ಕೈಯಿಂದ ತಿರುಗಿಸತೊಡಗಿದರು, ಬೆಳಕಿಲ್ಲ. ಆಗ ಮಾಸ್ತರರು ತಮ್ಮ ಟ್ಯಾಬನ್ನು ಎತ್ತಿ ಹಿಡಿದರು. ಅದರ ತಟ್ಟೆಯಗಲದ ಬೆಳಕಿನಲ್ಲಿ ಕಪ್ಪಗೆ ಕಾಣುವ ರಕ್ತ, ಚಕ್ರ ತಿರುಗಿಸುವ ಕೈ, ಕಣ್ಣು ಮುಚ್ಚಿ ತುಟಿ ಕಚ್ಚಿದ ರೇಣುಕಾಳ ಮುಖ. ದೀಪ ಬಂದ ಮೇಲೆ ಅತ್ತೆ ತನ್ನ ಬೆಳಕಿಲ್ಲದ ಪಾಟಿಯನ್ನು ಎದೆಯ ಮೇಲೆ ಬೋರಲು ಹಾಕಿ, ಇವತ್ತು ಮಾಸ್ತರ್ರದ್ದು ಗೆದ್ದದ ಅಂದಳು. ಆಕೆ ಸೋಲೊಪ್ಪಿದ್ದು ನಾನು ಕಂಡಂತೆ ಅದೊಂದೇ ಸಲ.

ಆ ದಿನವೇ ಇರಬೇಕು, ರೇಣುಕಾಗೆ ಕಣ್ಣು ಕತ್ತಲಿಟ್ಟು ಬರುತ್ತಿತ್ತು, ಏನಾದರೂ ಓದಿ ಹೇಳ್ರಿ ಅಮ್ಮಾರ ಎಂದು ಕೇಳಿದಳು. ಅತ್ತೆ ಬಾಯಿಬಿಟ್ಟು ಯಾರಿಗೂ ಓದಿ ಹೇಳಿದವಳಲ್ಲ. ಓದು ಎನ್ನುವುದು ಊಟದ ಹಾಗೆ, ಒಬ್ಬರದು ಇನ್ನೊಬ್ಬರ ಹೊಟ್ಟೆಗೆ ಹೋಗುವುದಿಲ್ಲ ಎನ್ನುವುದು ಆಕೆಯ ನಂಬಿಕೆ. ಆದರೂ ಅಂದು ಒಂದು ಹಳೆಯ ಕಾದಂಬರಿ ತೆಗೆದು ಓದತೊಡಗಿದಳು. ಅಣ್ಣನನ್ನು ಹುಡುಕಿಕೊಂಡು ಒಬ್ಬಳೇ ಮನೆ ಬಿಟ್ಟು ಹೊರಟ ಹೆಣ್ಣಿನ ಕಥೆ. ಅತ್ತೆಯ ಓದು ಅಂಗಡಿಯಲ್ಲಿ ಸಾಮಾನು ಎಣಿಸಿದ ಹಾಗೆ, ಗಟ್ಟಿ ದನಿ, ಏರಿಳಿತವಿಲ್ಲ. ಆದರೆ ಮಾಸ್ತರರು ತಮ್ಮ ಟ್ಯಾಬಿನ ದನಿ ತಗ್ಗಿಸಿದರು, ಆಮೇಲೆ ಪೂರಾ ನಿಲ್ಲಿಸಿದರು. ಸಿಸ್ಟರು ಕೂಡ ನಮ್ಮ ಕಡೆಯ ಕೆಲಸವನ್ನು ತುಸು ನಿಧಾನವಾಗಿ ಮಾಡತೊಡಗಿದರು.

ಹಾಗೆ ಅದು ರೂಢಿಯಾಯಿತು. ಯಾರೂ ಮುಂದಿನದನ್ನು ಮನೆಯಲ್ಲಿ ಓದಬಾರದು ಎಂದು ರೇಣುಕಾ ಅತ್ತೆಯಿಂದ ಮಾತು ತೆಗೆದುಕೊಂಡಿದ್ದಳು. ಅತ್ತೆಗೆ ತನ್ನ ಮೇಲೆಯೇ ನಂಬಿಕೆಯಿಲ್ಲ. ವಾಪಸ್ಸು ಬರುವಾಗ ಪಾಟಿಯನ್ನು ನನ್ನ ಕೈಗಿತ್ತು ಶಹಾಪುರದಲ್ಲೇ ಇಟ್ಟುಕೋ ಅನ್ನುವಳು. ಜೀವಮಾನವಿಡೀ ಕಾಗದದ ಹಿಂದೆ ಓಡಿದವಳು ಕಾದಂಬರಿಯೊಂದನ್ನು ನಡುವೆ ನಿಲ್ಲಿಸಿ ಮನೆಗೆ ಹೋಗುತ್ತಿದ್ದಳು. ಭೀಮಾ ನದಿಯ ಸೇತುವೆ ದಾಟುವಾಗ, ಆ ಹುಡುಗಿಗೆ ಮುಂದೆ ಏನಾದೀತು ಎಂದು ನನ್ನನ್ನು ಕೇಳುವಳು. ಕಥೆಯ ಹುಡುಗಿಯೋ ಗೋಗಿಯ ಹುಡುಗಿಯೋ, ನಾನು ಕೇಳಿ ಖಚಿತಮಾಡಿಕೊಳ್ಳಲಿಲ್ಲ.

ಒಂದು ದಿನ ನಾವು ಹೋದಾಗ ಎಡಗಡೆಯ ಹಾಸಿಗೆಗೆ ಹೊಸ ಚಾದರ ಹಾಸಿತ್ತು.

ಆ ಕೋಣೆಯಲ್ಲಿ ಇಂಥದ್ದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಎಲ್ಲರೂ ಚಾದರ ನೋಡುತ್ತಾರೆ, ಆಮೇಲೆ ಸಿಸ್ಟರ ಮುಖ ನೋಡುತ್ತಾರೆ. ರೇಣುಕಾಗೆ ಹಿಂದಿನ ದಿನ ಮನೆಯಲ್ಲಿ ಉಸಿರು ಕಟ್ಟಿತಂತೆ, ಶಹಾಪುರದ ಆಸ್ಪತ್ರೆಯವರೆಗೂ ಜೀವ ತಡೆಯಲಿಲ್ಲವಂತೆ. ಸಿಸ್ಟರು ಅಷ್ಟು ಹೇಳಿ ಸೂಜಿ ಚುಚ್ಚಲು ಅತ್ತೆಯ ಕೈ ಹಿಡಿದುಕೊಂಡರು. ತುಸು ಹೊತ್ತಿಗೆ ಆ ಹಾಸಿಗೆಗೆ ಮುದನಾಳದ ಒಬ್ಬ ರೈತ ಬಂದು ಮಲಗಿದ. ಪಾಪ, ಮೊದಲ ಸಲ ಬಂದವನು, ಹೆದರಿದ್ದ. ಅತ್ತೆ ಅವನ ಕಡೆ ತಿರುಗಲಿಲ್ಲ. ನಾನು ಪಾಟಿ ಕೊಟ್ಟರೆ ಮುಟ್ಟಲಿಲ್ಲ. ಮಾಸ್ತರರೂ ಟ್ಯಾಬು ತೆಗೆಯಲಿಲ್ಲ.

ಮುಂದಿನ ಸಲ ಸುರಪುರದ ಬಸ್ಸಿನಲ್ಲಿ ಅತ್ತೆ ಇರಲಿಲ್ಲ. ಫೋನು ಮಾಡಿದರೆ, ಮೈಗೆ ಹುಷಾರಿಲ್ಲ ಅಂದಳು. ಮೈಗೆ ಹುಷಾರಿಲ್ಲವೆಂದು ಆಸ್ಪತ್ರೆ ತಪ್ಪಿಸುವವರನ್ನು ಎಲ್ಲಿಯಾದರೂ ಕಂಡಿದ್ದೀರಾ? ಅದರ ಮುಂದಿನ ಸಲವೂ ಬರಲಿಲ್ಲ. ಡಾಕ್ಟರು ನನಗೆ ಫೋನು ಮಾಡಿ, ಇನ್ನೊಂದು ಸಲ ತಪ್ಪಿದರೆ ನೀರು ಎದೆಗೇರುತ್ತದೆ, ಆಮೇಲೆ ನಾನು ಜವಾಬ್ದಾರನಲ್ಲ ಅಂದರು. ನಾನು ಸುರಪುರಕ್ಕೆ ಓಡಿದೆ.

ಅತ್ತೆ ಮುಚ್ಚಿದ ಅಂಗಡಿಯೊಳಗೆ ಕೂತಿದ್ದಳು. ಮುಖ ಬಾತಿತ್ತು, ಪಾದಗಳು ಉಬ್ಬಿ ಹೊಳೆಯುತ್ತಿದ್ದವು, ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರು ಹಿಡಿಯಬೇಕಾಗಿತ್ತು. ಮೈದುನನ ಹೆಂಡತಿ ಅತ್ತು ಸಾಕಾಗಿ ಒಳಗೆ ಹೋಗಿದ್ದಳು. ನಾನು ಬೈದೆ, ಬೇಡಿಕೊಂಡೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು.

"ತಮ್ಮಾ, ನಂದೇನು ಉಳದದ ಹೇಳು. ಅಂಗಡಿ ಆತು, ಓದೂದಾತು. ನನ್ನ ರಕ್ತ ತೊಳ್ಯಾಕ ಒಂದು ಮಷಿನ್ನು, ನಾಕು ಮಂದಿ, ನೀ ಒಬ್ಬಾವ. ಆಕಿಗಿ ಬಾಳೂದಿತ್ತು. ಆಕಿ ಹೋದ್ಲು, ನಾ ಕುಂತೀನಿ. ನಾಚ್ಕಿ ಬರ್ತದ."

ಕೊನೆಗೆ, ಆಸ್ಪತ್ರೆ ಬೇಡವಾದರೆ ಬಿಡು, ಗೋಗಿಗಾದರೂ ಹೋಗಿ ಆ ತಾಯಿಯನ್ನು ಮಾತಾಡಿಸಿ ಬರೋಣ ಅಂದೆ. ಸಾವಿನ ಮನೆಗೆ ಹೋಗಿ ಮಾತಾಡಿಸದೆ ಇರುವುದು ನಮ್ಮಲ್ಲಿ ಸಾವಿಗಿಂತ ದೊಡ್ಡ ತಪ್ಪು. ಅತ್ತೆ ಎದ್ದಳು. ಒಂದು ಜೀಪು ಗೊತ್ತುಮಾಡಿ ಶಹಾಪುರಕ್ಕೆ ಬಂದು, ನನ್ನ ಮನೆಯಲ್ಲಿ ಆಕೆಗೆ ತುಸು ಸುಧಾರಿಸಿಕೊಳ್ಳಲು ಬಿಟ್ಟು, ಗೋಗಿಗೆ ಹೊರಟೆವು. ಯಾವುದಕ್ಕೂ ಇರಲಿ ಎಂದು ಪಾಟಿಯನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಒಂದೇ ಕೋಣೆಯ ಮನೆ. ಕಿಟಕಿಯ ಬಳಿ ಹೊಲಿಗೆ ಯಂತ್ರ, ಅದರ ಪಕ್ಕ ಹೊಲಿಯಲು ಕೊಟ್ಟ ಬಟ್ಟೆಗಳ ಗಂಟು. ಅದರ ಮೇಲೆ ಒಂದೇ ತೋಳು ಕೂಡಿಸಿದ ಹಸಿರು ಕುಬಸ. ನಾವು ಕೂತಿದ್ದಾಗಲೇ ಇಬ್ಬರು ಹೆಣ್ಣುಮಕ್ಕಳು ಬಂದರು. ಕಣ್ಣೀರು ಹಾಕಿದರು, ಎಂಥಾ ಹುಡುಗಿ, ಹೂವಿನಂಥಾಕಿ ಅಂದರು, ಎದ್ದು ಹೋಗುವಾಗ ಗಂಟಿನಿಂದ ತಮ್ಮ ತಮ್ಮ ಬಟ್ಟೆ ಹುಡುಕಿ ತೆಗೆದುಕೊಂಡರು. ತಪ್ಪೇನಿಲ್ಲ, ಅವರ ಮನೆಯಲ್ಲೂ ಮದುವೆ ಮುಂಜಿ ಇರುತ್ತವೆ. ಹಸಿರು ಕುಬಸವನ್ನು ಮಾತ್ರ ಯಾರೂ ಒಯ್ಯಲಿಲ್ಲ.

ತಾಯಿ ಗೋಡೆಗೊರಗಿ ಕೂತಿದ್ದಳು, ಅತ್ತೆಯಷ್ಟೇ ವಯಸ್ಸು. ನಾವು ಯಾದಗಿರಿಯ ದವಾಖಾನೆಯವರು ಎಂದಾಗ ತಲೆಯಾಡಿಸಿದಳು. ಅತ್ತೆ ಪಕ್ಕದ ಹಾಸಿಗೆಯವಳು ಎಂದೊಡನೆ ನೆಟ್ಟಗೆ ಕೂತಳು.

"ಕತಿ ಓದೋ ಅಮ್ಮಾರು ನೀವೇನ್ರಿ?"

ಹೌದೆಂದಳು ಅತ್ತೆ. ಆ ತಾಯಿ ಹತ್ತಿರ ಸರಿದು ಬಂದಳು. ದವಾಖಾನೆಯಿಂದ ಬಂದ ದಿನ ಮಗಳಿಗೆ ಕೂರಲೂ ತ್ರಾಣವಿರುತ್ತಿರಲಿಲ್ಲವಂತೆ. ಮಲಗಿದಲ್ಲಿಂದಲೇ ಅಂದು ಕೇಳಿದ ಕಥೆಯನ್ನೆಲ್ಲ ತಾಯಿಗೆ ಹೇಳುತ್ತಿದ್ದಳಂತೆ. ಮೊದಮೊದಲು ತಾಯಿ ಮಗಳ ದನಿ ಕೇಳಲೆಂದು ಸುಮ್ಮನೆ ಹೂಂಗುಟ್ಟುತ್ತಿದ್ದಳು. ಬರಬರುತ್ತ, ಮಗಳು ಯಾವಾಗ ಯಾದಗಿರಿಗೆ ಹೋಗಿ ಬಂದಾಳು ಎಂದು ಕಾಯುವ ಹಾಗಾಯಿತಂತೆ. ಇಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅಣ್ಣನ್ನ ಹುಡುಕ್ಕೊಂತ ಬಂದು ಹೊಳಿ ದಂಡಿಗಿ ನಿಂತಾಳ್ರಿ. ಕತ್ತಲಾಗ್ಯದ, ದೋಣಿ ಇಲ್ಲ. ಅಲ್ಲಿಗೇ ಬಿಟ್ಟು ಹೋದ್ಲು ನನ್ನ ಮಗಳು. ಆಕಿ ಹೊಳಿ ದಾಟಿದ್ಲೇನ್ರಿ?"

ಅತ್ತೆ ತಡವರಿಸಿದ್ದನ್ನು ನಾನು ನೋಡಿದೆ. ನಾಲಿಗೆ ಕೈಕೊಟ್ಟಿತ್ತು. ಕಡೆಗೆ, ನನಗೂ ಗೊತ್ತಿಲ್ಲವ್ವಾ, ನಾವೂ ಅಲ್ಲಿಗೇ ನಿಲ್ಲಿಸಿದ್ದೆವು ಅಂದಳು. ಆಮೇಲೆ ನನ್ನ ಕಡೆ ಕೈ ಚಾಚಿದಳು. ನಾನು ಚೀಲದಿಂದ ಪಾಟಿ ತೆಗೆದುಕೊಟ್ಟೆ.

ಅತ್ತೆ ಓದತೊಡಗಿದಳು. ಅರ್ಧ ಸಾಲಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಿದ್ದಳು. ಆ ತಾಯಿ ಅವಸರ ಮಾಡಲಿಲ್ಲ. ಕಥೆಯ ಹೆಣ್ಣು ಕತ್ತಲಲ್ಲಿ ನೀರಿಗಿಳಿದಳು, ಸೆಳವಿಗೆ ಸಿಕ್ಕಳು, ಕಲ್ಲು ಹಿಡಿದಳು, ಕೈ ಬಿಟ್ಟಿತು, ಮತ್ತೊಂದು ಹಿಡಿದಳು. ಎರಡು ಹಾಳೆ, ಮೂರು ಹಾಳೆ. ಕೊನೆಗೆ ಆಚೆ ದಂಡೆಯ ಕೆಸರಿನಲ್ಲಿ ಮೊಣಕಾಲೂರಿ ಕೂತು ಉಸಿರಾಡಿದಳು. ಆ ತಾಯಿಯ ಬಾಯಿಂದ ಒಂದು ಸದ್ದು ಬಂತು, ಅಳುವೋ ನಿಟ್ಟುಸಿರೋ ತಿಳಿಯಲಿಲ್ಲ. ಅತ್ತೆ ಮುಂದಿನ ಹಾಳೆಗೆ ಬೆರಳು ಒಯ್ದಾಗ ಅವಳು ಆ ಕೈಯನ್ನು ಹಿಡಿದು ನಿಲ್ಲಿಸಿದಳು.

"ಇವತ್ತಿಗಿ ಇಷ್ಟ ಸಾಕ್ರಿ ಅಕ್ಕಾರ. ಒಮ್ಮಿಗೇ ಮುಗದ್ರ ನಾಳಿ ನನಗ ಏನೂ ಇರಂಗಿಲ್ಲ. ಮತ್ತ ಬಂದು ಓದ್ತೀರೇನು?"

ಅತ್ತೆ ಹೂಂ ಅಂದಳು. ಹೊರಡುವಾಗ ಊದಿದ ಪಾದಕ್ಕೆ ಚಪ್ಪಲಿ ಹಿಡಿಯಲಿಲ್ಲ. ನಾನು ಬಗ್ಗುವಷ್ಟರಲ್ಲಿ ಆ ತಾಯಿಯೇ ಹೊಸ್ತಿಲ ಬಳಿ ಕುಕ್ಕರುಗಾಲಿನಲ್ಲಿ ಕೂತು, ಪಟ್ಟಿ ಸಡಿಲಿಸಿ, ಒಂದೊಂದೇ ಪಾದವನ್ನು ತನ್ನ ಕೈಯಲ್ಲಿಟ್ಟುಕೊಂಡು ಚಪ್ಪಲಿ ತೊಡಿಸಿದಳು.

ಜೀಪು ಶಹಾಪುರದ ರಸ್ತೆಗೆ ಬರುವವರೆಗೂ ಅತ್ತೆ ಹೊಲಗಳನ್ನು ನೋಡುತ್ತ ಕೂತಿದ್ದಳು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು: "ಬೆಳಿಗ್ಗಿ ಯಾದಗಿರಿಗಿ ಮೊದಲನೇ ಬಸ್ಸು ಎಷ್ಟಕ್ಕದ?"